ಮಾಜಿ ಕೆರೆ, ಹಳೇ ಮೈಸೂರು ಮತ್ತು ‘ಅರ್ಸ್ಟ್‌ವೈಲ್’

ಕಳೆದ ತಿಂಗಳು ಗೆಳೆಯರೊಬ್ಬರು ಇಂಗ್ಲಿಷಿನ ಒಂದು ಕಿರುಪುಸ್ತಿಕೆಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ಕೊಟ್ಟರು. ಭಾನುವಾರ ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ಹೊರಟು ಕೆಂಪೇಗೌಡ ರಸ್ತೆ, ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಿ ಬರುವ ನಡಿಗೆಯವರಿಗೆ ಹಂಚಲು ಮಾಡಿದ್ದು, 16 ಪುಟ. ಎರಡು ರಾತ್ರಿಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಮೊದಲ ಪುಟದಲ್ಲೇ ಒಂದು ಪದ ಕಾಲಿಗೆ ತೊಡರಿತು: ‘ಅರ್ಸ್ಟ್‌ವೈಲ್’. ಅರ್ಸ್ಟ್‌ವೈಲ್ ಧರ್ಮಾಂಬುಧಿ ಕೆರೆ, ಅರ್ಸ್ಟ್‌ವೈಲ್ ಮೆಜೆಸ್ಟಿಕ್ ಥಿಯೇಟರ್, ಅರ್ಸ್ಟ್‌ವೈಲ್ ಮೈಸೂರು ಸಂಸ್ಥಾನ. ಎಣಿಸಿದೆ: ಒಟ್ಟು 11 ಸಲ. ನಾನು ಹೆಚ್ಚು ಯೋಚಿಸದೆ ಎಲ್ಲ ಕಡೆಯೂ ‘ಹಿಂದಿನ’ ಎಂದು ಹಾಕಿ ಮುಗಿಸಿದೆ.

ಕರಡು ನೋಡುತ್ತಿದ್ದವನು ಎಂ.ಎ. ಓದುವ ಒಬ್ಬ ಹುಡುಗ, ಯಾದಗಿರಿ ಕಡೆಯವನು. ಫೋನು ಮಾಡಿ ಕೇಳಿದ: “ಸರ್, ‘ಬಸ್ ನಿಲ್ದಾಣ ಇರುವುದು ಹಿಂದಿನ ಕೆರೆಯ ಜಾಗದಲ್ಲಿ’ ಅಂತ ಬರ್ದೀರಿ. ಬಸ್ ಸ್ಟ್ಯಾಂಡಿನ ಹಿಂದ ಕೆರಿ ಐತೇನ್ರಿ? ನಾ ಎಂದೂ ನೋಡಿಲ್ಲಲ್ರಿ.”

ನಕ್ಕೆ. ಆಮೇಲೆ ನಗು ನಿಂತಿತು. ಹುಡುಗ ಓದಿದ್ದರಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ‘ಹಿಂದೆ’ ಎನ್ನುವುದು ಮೊದಲು ಜಾಗ, ಆಮೇಲೆ ಕಾಲ. ‘ಹಿಂದಿನ ಬಾಗಿಲು’ ಮನೆಗೆ ಈಗಲೂ ಇದೆ. ‘ಹಿಂದಿನ ಬಾಡಿಗೆದಾರ’ ಬಿಟ್ಟು ಹೋಗಿದ್ದಾನೆ. ಯಾವುದು ಯಾವ ‘ಹಿಂದೆ’ ಎಂದು ನಾಮಪದ ನೋಡಿ ನಾವು ಊಹಿಸುತ್ತೇವೆ. ಕೆರೆಯಂಥ ನಾಮಪದ ಬಂದಾಗ ಊಹೆ ಕೈಕೊಡುತ್ತದೆ, ಏಕೆಂದರೆ ಕೆರೆ ಊರ ಹಿಂದೆ ಇರುವುದೇ ರೂಢಿ. ಇದರ ಜೊತೆಗೆ ಇನ್ನೊಂದು ಸೋಜಿಗ: ‘ಮುಂದೆ’ ಎಂದರೆ ಬರುವ ಕಾಲ, ‘ಮುಂಚೆ’ ಎಂದರೆ ಹೋದ ಕಾಲ, ಎರಡೂ ಒಂದೇ ‘ಮುನ್’ನಿಂದ ಹುಟ್ಟಿದವು. ಹೋದದ್ದು ನಮಗೆ ಬೆನ್ನ ಹಿಂದೆಯೂ ಇದೆ, ಕಣ್ಣ ಮುಂದೆಯೂ ಇದೆ. ಇಂಥ ಭಾಷೆಗೆ ಒಂದು ಒಣ ಇಂಗ್ಲಿಷ್ ವಿಶೇಷಣವನ್ನು 11 ಸಲ ಒಂದೇ ಪದದಲ್ಲಿ ಇಳಿಸಿದ್ದು ನನ್ನ ಸೋಮಾರಿತನ.

ಸರಿ, ಬೇರೆ ಪದ ಹುಡುಕೋಣ ಎಂದು ಕೂತೆ. ‘ಹಳೇ ಧರ್ಮಾಂಬುಧಿ ಕೆರೆ’ ಎಂದರೆ ಹೊಸ ಧರ್ಮಾಂಬುಧಿ ಎಲ್ಲೋ ಇದೆ ಎಂಬ ಅರ್ಥ ಬರುತ್ತದೆ. ‘ಪ್ರಾಚೀನ ಕೆರೆ’ ಎಂದರೆ ಈಗಲೂ ನೀರಿದೆ, ಹೋಗಿ ನೋಡಿ ಬರಬಹುದು ಎನ್ನಿಸುತ್ತದೆ. ‘ದಿವಂಗತ ಕೆರೆ’ ಎಂದರೆ ವ್ಯಂಗ್ಯಚಿತ್ರದ ಕೆಳಗಿನ ಸಾಲಾಗುತ್ತದೆ. ‘ಮಾಜಿ ಕೆರೆ’ ಎಂದು ಬರೆದು ನೋಡಿದೆ. ಅದು ಎಲ್ಲಕ್ಕಿಂತ ತಮಾಷೆಯಾಗಿತ್ತು, ಎಲ್ಲಕ್ಕಿಂತ ನಿಜಕ್ಕೆ ಹತ್ತಿರವೂ ಆಗಿತ್ತು: ಅಧಿಕಾರ ಕಳೆದುಕೊಂಡ ಕೆರೆ.

‘ಮಾಜಿ’ಯ ಬಗ್ಗೆ ಒಂದು ಮಾತು. ಅದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ‘ಕಳೆದುಹೋದ’ ಎಂದಷ್ಟೇ. ನಾನು ಸಿಂಧನೂರಿನವನು. ನಮ್ಮ ಓಣಿಯಲ್ಲಿ ಉರ್ದು ಶಾಲೆಗೆ ಹೋಗುತ್ತಿದ್ದ ಗೆಳೆಯರು ವ್ಯಾಕರಣ ಬಾಯಿಪಾಠ ಮಾಡುವಾಗ ಭೂತಕಾಲಕ್ಕೆ ‘ಮಾಝಿ’, ವರ್ತಮಾನಕ್ಕೆ ‘ಹಾಲ್’ ಎನ್ನುತ್ತಿದ್ದರು. ಕನ್ನಡ ಆ ಎರಡನ್ನೂ ತೆಗೆದುಕೊಂಡು ನೇರವಾಗಿ ಕಚೇರಿಯಲ್ಲಿ ಕೂರಿಸಿತು: ಹಾಲಿ ಶಾಸಕರು, ಮಾಜಿ ಶಾಸಕರು. ಇವತ್ತು ‘ಮಾಜಿ’ ಎಂದರೆ ಕುರ್ಚಿ ಹೋದವರು. ‘ಮಾಜಿ ಸೈನಿಕ’ ಸರಿ. ‘ಮಾಜಿ ಕವಿ’ ಎಂದು ಯಾರನ್ನೂ ಕರೆಯುವುದಿಲ್ಲ. ಕವಿತೆ ಬರೆಯುವುದನ್ನು ನಿಲ್ಲಿಸಿ 30 ವರ್ಷವಾದವರನ್ನೂ ಕವಿ ಎಂದೇ ಕರೆಯುತ್ತೇವೆ. ಯಾವುದು ಬರೀ ಹುದ್ದೆ, ಯಾವುದು ಮನುಷ್ಯನಿಗೆ ಅಂಟಿಕೊಂಡದ್ದು ಎಂಬುದನ್ನು ಈ ಒಂದು ಪದ ತೂಗಿ ಹೇಳುತ್ತದೆ.

ಸತ್ತವರ ವಿಷಯಕ್ಕೂ ಹೀಗೆಯೇ ಒಂದು ಪದ ಹೊರಗಿನಿಂದ ಬಂದಿದೆ. ಹಳ್ಳಿಯ ಜಮೀನಿನ ಕಾಗದಗಳಲ್ಲಿ ‘ಬಿನ್ ಲೇಟ್ ಮುನಿಯಪ್ಪ’ ಎಂದು ಬರೆಯುವುದನ್ನು ನೀವು ನೋಡಿರುತ್ತೀರಿ. ‘ಬಿನ್’ ಅರಬ್ಬಿ, ‘ಲೇಟ್’ ಇಂಗ್ಲಿಷ್, ನಡುವೆ ತಂದೆ ತೀರಿಕೊಂಡಿದ್ದಾರೆ. ಇದನ್ನು ಬರೆಸುವ ರೈತನಿಗೆ ಇದು ಯಾವ ಭಾಷೆಯೂ ಅಲ್ಲ, ಸರ್ಕಾರದ ಭಾಷೆ. ಮನೆಯಲ್ಲಿ ಅವನು ‘ನಮ್ಮಪ್ಪ ಹೋದ ಮೇಲೆ’ ಎಂದೇ ಹೇಳುತ್ತಾನೆ. ವಿಶೇಷಣ ಕಚೇರಿಯಲ್ಲಿ, ಕ್ರಿಯಾಪದ ಮನೆಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ‘ಅರ್ಸ್ಟ್‌ವೈಲ್’ ಏನು ಮಾಡುತ್ತದೆ ನೋಡೋಣ. ‘ಅರ್ಸ್ಟ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ‘ಎಲ್ಲಕ್ಕಿಂತ ಮೊದಲು’ ಎನ್ನುವ ಪದದ ಉಳಿಕೆ. ‘ವೈಲ್’ ಎಂದರೆ ಹೊತ್ತು. ಮೊದಲಿಗೆ ಇದು ವಿಶೇಷಣವಾಗಿರಲಿಲ್ಲ, ‘ಒಂದಾನೊಂದು ಹೊತ್ತಿನಲ್ಲಿ’ ಎಂಬ ಕ್ರಿಯಾವಿಶೇಷಣವಾಗಿತ್ತು. ಆಮೇಲೆ ನಾಮಪದದ ಮುಂದೆ ಬಂದು ನಿಂತಿತು. ಇಂಗ್ಲೆಂಡಿನಲ್ಲಿ ಇದನ್ನು ಬಳಸಿದರೆ ಸ್ವಲ್ಪ ಹಳೇ ಕೋಟು ಹಾಕಿಕೊಂಡು ಬಂದಂತೆ, ತುಟಿಯಂಚಿನ ನಗೆಯೂ ಇರುತ್ತದೆ: ನನ್ನ ಅರ್ಸ್ಟ್‌ವೈಲ್ ಗೆಳೆಯ, ಅಂದರೆ ಗೆಳೆಯ ಇದ್ದಾನೆ, ಗೆಳೆತನ ಇಲ್ಲ. ಭಾರತದ ಇಂಗ್ಲಿಷಿನಲ್ಲಿ ಅದು ನಗೆಯನ್ನು ಕಳಚಿಟ್ಟು ಗುಮಾಸ್ತನ ಕೆಲಸಕ್ಕೆ ಸೇರಿತು. ಅದಕ್ಕೆ ನಮ್ಮಲ್ಲಿ ಕೆಲಸವೂ ಬಹಳವಿತ್ತು. ಸಂಸ್ಥಾನಗಳು ವಿಲೀನವಾದವು. 1956ರ ನವೆಂಬರ್ 1ಕ್ಕೆ ಪ್ರಾಂತ್ಯಗಳ ಗೆರೆಗಳು ಬದಲಾದವು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜರ ಮಾನ್ಯತೆಯೂ ರಾಜಧನವೂ ನಿಂತವು. ಮನುಷ್ಯ ಅರಮನೆಯಲ್ಲೇ ಇದ್ದಾನೆ, ಊರಿನವರು ಕೈಮುಗಿಯುತ್ತಲೇ ಇದ್ದಾರೆ, ಆದರೆ ಕಾನೂನಿನಲ್ಲಿ ಅವನು ರಾಜನಲ್ಲ. ಅವನನ್ನು ಏನೆಂದು ಕರೆಯುವುದು? ಪತ್ರಿಕೆಗಳಿಗೆ ‘ಅರ್ಸ್ಟ್‌ವೈಲ್’ ಒದಗಿ ಬಂತು. ‘ಮಾಜಿ ಮಹಾರಾಜ’ ಎಂದರೆ ಚುನಾವಣೆಯಲ್ಲಿ ಸೋತವನಂತೆ ಕೇಳುತ್ತದೆ.

ಈಚಿನ ಇನ್ನೊಂದು ಬಳಕೆ ನನಗೆ ಹೆಚ್ಚು ಕುತೂಹಲದ್ದು. ಕೆಂಪೇಗೌಡ ರಸ್ತೆಯ ಆ ತುದಿಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ಇದೆ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಬ್ಯಾಂಕ್ ಆಫ್ ಮೈಸೂರು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ರಂದು ಅದರಲ್ಲೇ ವಿಲೀನವಾಯಿತು. ಮರುದಿನದಿಂದ ಕಡತಗಳಲ್ಲಿ ಅದರ ಹೆಸರಿನ ಮುಂದೆ ಒಂದು ಅಕ್ಷರ ಅಂಟಿಕೊಂಡಿತು: ‘ಇ-ಎಸ್‌ಬಿಎಂ’. ಇ-ಮೇಲ್‌ನ ‘ಇ’ಯಲ್ಲ, ‘ಅರ್ಸ್ಟ್‌ವೈಲ್’ನ ಮೊದಲ ಅಕ್ಷರ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾದಾಗ ‘ಇ-ಸಿಂಡಿಕೇಟ್’ ಬಂತು. ನೂರು ವರ್ಷದ ಆಸುಪಾಸಿನ ಒಂದು ಚರಿತ್ರೆಯನ್ನು ಒಂದು ಪದಕ್ಕೆ ಇಳಿಸಿ, ಆ ಪದವನ್ನು ಒಂದು ಅಕ್ಷರಕ್ಕೆ ಇಳಿಸುವುದು ಕಡತಕ್ಕೆ ಅನುಕೂಲ, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅದೇ ಸರ್ಕಲ್ಲಿನಲ್ಲಿ ಬಸ್ಸಿನ ಕಂಡಕ್ಟರು ಇವತ್ತಿಗೂ “ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್” ಎಂದು ಕೂಗುತ್ತಾರೆ, ಯಾವ ವಿಶೇಷಣವನ್ನೂ ಸೇರಿಸದೆ. ಬಾಯಿಮಾತಿನಲ್ಲಿ ಬ್ಯಾಂಕು ಮುಳುಗಿಲ್ಲ, ವಿಲೀನವಾಗಿಲ್ಲ. ಅಲ್ಲಿ ಇಳಿಯಬೇಕಷ್ಟೆ.

ಇಲ್ಲಿ ‘ಹಳೇ’ಯ ಕಡೆ ತಿರುಗಬೇಕು. ‘ಅರ್ಸ್ಟ್‌ವೈಲ್’ಗೆ ‘ಹಳೇ’ ಎಂದು ಹಾಕುವ ಅನುವಾದಕರು ಬಹಳ ಮಂದಿ, ನಾನೂ ಹಾಕಿದ್ದೇನೆ. ಆದರೆ ಅವೆರಡೂ ಬೇರೆ ದಿಕ್ಕಿಗೆ ಎಳೆಯುವ ಪದಗಳು. ‘ಅರ್ಸ್ಟ್‌ವೈಲ್’ ಕೊಂಡಿ ಕಳಚುತ್ತದೆ, ‘ಹಳೇ’ ಕೊಂಡಿ ಹಾಕುತ್ತದೆ. ಹಳೇ ಸ್ನೇಹಿತ ಎಂದರೆ ಈಗಲೂ ಸ್ನೇಹಿತ. ಹಳೇ ಬಾಕಿ ಎಂದರೆ ಇನ್ನೂ ತೀರಿಲ್ಲ. ಹಳೇ ದ್ವೇಷ ಎಂದರೆ ಇನ್ನೂ ಆರಿಲ್ಲ. ಹಳೇ ವಿದ್ಯಾರ್ಥಿ ಶಾಲೆಯ ಶತಮಾನೋತ್ಸವಕ್ಕೆ ಬಂದು ಚಂದಾ ಕೊಡುತ್ತಾನೆ. ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂಬ ಗಾದೆಯಲ್ಲಿ ಬಿಟ್ಟುಹೋದ ಗಂಡನೂ ಪೂರ್ತಿ ‘ಮಾಜಿ’ಯಾಗಿಲ್ಲ. ಹೊಯ್ಸಳರ ದೋರಸಮುದ್ರ ಹಾಳಾದ ಮೇಲೆ ಜನ ಆ ಊರಿಗೆ ಇಟ್ಟ ಹೆಸರು ಹಳೇಬೀಡು. ರಾಜಧಾನಿ ಹೋಯಿತು ಎನ್ನುವುದನ್ನೇ ಹೆಸರು ಮಾಡಿಕೊಂಡು ಆ ಊರು ಶತಮಾನಗಳಿಂದ ಬದುಕಿದೆ. ವಿಶೇಷಣವೇ ಊರಾಗಿ ಕೂತ ಉದಾಹರಣೆ ಇದಕ್ಕಿಂತ ಒಳ್ಳೆಯದು ಬೇಕೆ?

‘ಹಳೇ ಮೈಸೂರು’ ಎಂಬುದೂ ಹೀಗೆಯೇ. ಇಂಗ್ಲಿಷಿನ ‘ಅರ್ಸ್ಟ್‌ವೈಲ್ ಮೈಸೂರು ಸ್ಟೇಟ್’ ಎಂದರೆ ಮುಗಿದುಹೋದ ಒಂದು ಆಡಳಿತ. ಕನ್ನಡದ ‘ಹಳೇ ಮೈಸೂರು ಭಾಗ’ ಎಂದರೆ ಪ್ರತಿ ಚುನಾವಣೆಯಲ್ಲೂ ಎದ್ದು ಕೂರುವ, ರಾಗಿ ಮುದ್ದೆ ಉಣ್ಣುವ, ಇವತ್ತಿನ ಒಂದು ಪ್ರದೇಶ. ಒಂದನ್ನು ಇನ್ನೊಂದರ ಅನುವಾದವೆಂದು ಹಾಕಿದರೆ ಒಂದು ಸತ್ತ ರಾಜ್ಯಕ್ಕೂ ಒಂದು ಬದುಕಿರುವ ನಾಡಿಗೂ ವ್ಯತ್ಯಾಸ ಅಳಿಸಿದಂತೆ.

ನಮ್ಮ ಕಡೆಗೆ ಆ ಭಾಗ್ಯ ಸಿಗಲಿಲ್ಲ. ಮೈಸೂರಿಗೆ ‘ಹಳೇ’ ಬಂತು, ರಾಯಚೂರಿಗೆ ‘ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ’ ಎಂಬ ಉದ್ದನೆಯ ಬಾಲ ಬಂತು. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1956ರಲ್ಲಿ ಆ ಸಂಸ್ಥಾನದಿಂದಾಗಿದ್ದ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು, ಆದರೆ ನಾನು ಹುಟ್ಟಿ ಬೆಳೆದದ್ದು ‘ಹೈದರಾಬಾದ್ ಕರ್ನಾಟಕ’ದಲ್ಲೇ. ನನ್ನ ಊರಿನ ಹೆಸರಿಗೆ ಅಂಟಿದ್ದು ಇನ್ನೊಂದು ರಾಜ್ಯದ ರಾಜಧಾನಿಯ ಹೆಸರು. ಅದರೊಳಗೆ ಬಳ್ಳಾರಿಯೂ ಸೇರಿತ್ತು. ಅದನ್ನು ನಿಜಾಮ 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟಿದ್ದ, ಮುಂದೆ ಅದು ಮದ್ರಾಸಿನ ಕೆಳಗಿತ್ತು. ವಿಶೇಷಣಕ್ಕೆ ಚರಿತ್ರೆಯ ಪರಿವೆ ಎಷ್ಟು ಕಡಿಮೆ ನೋಡಿ. 2019ರ ಸೆಪ್ಟೆಂಬರ್ 17ರಂದು ನಾವು ‘ಕಲ್ಯಾಣ ಕರ್ನಾಟಕ’ವಾದೆವು. ಈಗ ನಮ್ಮನ್ನು ಕುರಿತು ಬರೆಯುವವರು ‘ಹಿಂದಿನ ಹೈದರಾಬಾದ್ ಕರ್ನಾಟಕ’ ಎನ್ನುತ್ತಾರೆ. ಹಿಂದಿನದ್ದರ ಹಿಂದಿನದು! ಹೆಸರು ಬದಲಾದದ್ದು ನನಗೆ ಬೇಸರವಿಲ್ಲ. ಆದರೆ ಯಾರದೋ ಹೋದ ಕಾಲದ ಹೆಸರಿನಲ್ಲಿ ಗುರುತಿಸಿಕೊಳ್ಳುವುದು ಹೇಗಿರುತ್ತದೆ ಎಂದು ಗೊತ್ತಿರುವುದರಿಂದಲೇ ಈ ಪದದ ಮೇಲೆ ನನಗೆ ಇಷ್ಟು ಕಣ್ಣು.

ಹೋದ ಕಾಲದ ವಿಶೇಷಣಗಳೆಲ್ಲ ಹೋದ ಕಾಲದ ಬಗ್ಗೆಯೇ ಮಾತಾಡುತ್ತವೆ ಎಂದೇನಿಲ್ಲ. ಆಲೂರು ವೆಂಕಟರಾಯರು 1917ರಲ್ಲಿ ತಮ್ಮ ಪುಸ್ತಕಕ್ಕೆ ‘ಕರ್ನಾಟಕ ಗತವೈಭವ’ ಎಂದು ಹೆಸರಿಟ್ಟಾಗ ‘ಗತ’ ಎಂಬ ಪದ ಮುಂದಕ್ಕೆ ಬೆರಳು ತೋರಿಸುತ್ತಿತ್ತು. ಹೋದದ್ದು ಎಂದರೆ ಮರಳಿ ಪಡೆಯಬೇಕಾದದ್ದು. ಒಡೆದು ಹಂಚಿಹೋಗಿದ್ದ ನಾಡಿನಲ್ಲಿ ಅದು ಒಂದು ಬೇಡಿಕೆಯಾಗಿತ್ತು, ಏಕೀಕರಣದವರೆಗೂ ನಡೆಸಿಕೊಂಡು ಹೋಯಿತು. ಈ ಹೊತ್ತಿನ ಬೆಂಗಳೂರಿನ ಬರಹಗಳಲ್ಲಿ ಅದೇ ‘ಗತವೈಭವ’ಕ್ಕೆ ಆ ಕಸುವಿಲ್ಲ. ಬಸವನಗುಡಿಯ ದೋಸೆ, ಮಲ್ಲೇಶ್ವರದ ಮನೆಯಂಗಳ, ಚಾಮರಾಜಪೇಟೆಯ ನೆರಳು, ಮೆಜೆಸ್ಟಿಕ್ಕಿನ ಟಾಕೀಸು ಎಂದು ಒಂದೊಂದಕ್ಕೂ ‘ಅಂದಿನ’, ‘ಆ ಕಾಲದ’, ‘ಮರೆಯಾದ’ ಎಂಬ ವಿಶೇಷಣ ಹಚ್ಚಿ ಬರೆಯುವ ಪ್ರಬಂಧಗಳನ್ನು ನಾವೆಲ್ಲ ಓದಿದ್ದೇವೆ. ಅವುಗಳಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಏನೂ ಘಟಿಸುವುದಿಲ್ಲ. ಎಲ್ಲವೂ ‘ಮರೆಯಾಗು’ತ್ತವೆ, ಯಾರೂ ಏನನ್ನೂ ಮಾರುವುದಿಲ್ಲ, ಕೊಳ್ಳುವುದಿಲ್ಲ, ಕೆಡವುವುದಿಲ್ಲ. ಮಾಸ್ತಿಯವರು ಕೊಡಗಿನ ಪದಚ್ಯುತ ಅರಸನ ಬಗ್ಗೆ 1956ರಲ್ಲಿ ಕಾದಂಬರಿ ಪ್ರಕಟಿಸಿದಾಗ ಅದಕ್ಕೆ ಬರೀ ‘ಚಿಕವೀರ ರಾಜೇಂದ್ರ’ ಎಂದು ಹೆಸರಿಟ್ಟರು. ‘ಕೊನೆಯ’ ಇಲ್ಲ, ‘ಮಾಜಿ’ ಇಲ್ಲ. ಮನುಷ್ಯ ಹೇಗೆ ಕೊನೆಯವನಾದ ಎಂದು ಹೇಳುವುದಕ್ಕೆ ಇಡೀ ಕಾದಂಬರಿ ಇರುವಾಗ ವಿಶೇಷಣ ಯಾಕೆ?

ಮತ್ತೆ ಮೆಜೆಸ್ಟಿಕ್ಕಿಗೆ ಬರೋಣ. ಆ ಹೆಸರೇ ಒಂದು ಇಂಗ್ಲಿಷ್ ವಿಶೇಷಣ ಎಂದು ನಾವು ಮರೆತಿದ್ದೇವೆ. ‘ಭವ್ಯ’ ಎಂದರ್ಥ. ಅದರ ಮುಂದೆ ‘ಥಿಯೇಟರ್’ ಎಂಬ ನಾಮಪದವಿತ್ತು. ಟಾಕೀಸನ್ನು ಕೆಡವಿದರು, ನಾಮಪದ ಹೋಯಿತು, ವಿಶೇಷಣ ಉಳಿಯಿತು. ಕನ್ನಡ ಅದಕ್ಕೆ ವಿಭಕ್ತಿ ಹಚ್ಚಿ ತನ್ನದು ಮಾಡಿಕೊಂಡಿತು: ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಲ್ಲಿ, ಮೆಜೆಸ್ಟಿಕ್ಕಿಂದ. ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಮೆಟ್ರೋ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದೆ, ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಜನ ಮೆಜೆಸ್ಟಿಕ್ಕಿಗೇ ಹೋಗುತ್ತಾರೆ. ಅಲಂಕಾರ್ ಟಾಕೀಸು ಅಲಂಕಾರ್ ಪ್ಲಾಜಾ ಆಗಿ ಅರ್ಧ ಹೆಸರು ಉಳಿಸಿಕೊಂಡಿತು. ಸಾಗರ್, ಕಪಾಲಿ ಹೋದವು. ಇದೇ ರಸ್ತೆಯ ಪೋಸ್ಟರುಗಳಲ್ಲಿ ‘ಅಭೂತಪೂರ್ವ ಯಶಸ್ಸು’ ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದರು. ಹಿಂದೆಂದೂ ಆಗಿರದ್ದು ಎಂದರ್ಥ. ‘ಅ’ ಕಿತ್ತರೆ ‘ಭೂತಪೂರ್ವ’. ಹಿಂದಿಯವರು ‘ಮಾಜಿ’ಗೆ ಬಳಸುವ ಪದ. ಕನ್ನಡಿಗರು ಅದನ್ನು ತೆಗೆದುಕೊಳ್ಳಲಿಲ್ಲ. ನಮಗೆ ಭೂತ ಎಂದರೆ ಕಾಲಕ್ಕಿಂತ ಮೊದಲು ದೆವ್ವ ನೆನಪಾಗುತ್ತದೆ.

1998ರಲ್ಲಿ ನಾನು ಮೊದಲ ಸಲ ರಾತ್ರಿ ಬಸ್ಸಿನಲ್ಲಿ ಬಂದು ಇಲ್ಲಿ ಇಳಿದೆ. ಬೆಳಗಿನ ಐದೂವರೆ. ಗಾಂಧಿನಗರದ ಒಂದು ಲಾಡ್ಜಿನಲ್ಲಿ ಊರಿನವರೊಬ್ಬರಿದ್ದರು. ಟೀ ಅಂಗಡಿಯವರನ್ನು ದಾರಿ ಕೇಳಿದೆ. ಅವರು ಬಹಳ ಅಕ್ಕರೆಯಿಂದಲೇ ಹೇಳಿದರು: “ಅಲ್ಲಿ ಮೆಜೆಸ್ಟಿಕ್ ಟಾಕೀಸ್ ಇತ್ತಲ್ಲ, ಅದರ ಪಕ್ಕ ತಿರುಗಿ.” ಇತ್ತಲ್ಲ! ನನಗೆ ಅದು ಎಂದೂ ಇರಲಿಲ್ಲ. ಇಲ್ಲದ ಕಟ್ಟಡವನ್ನು ಹುಡುಕುತ್ತ ಮುಕ್ಕಾಲು ಗಂಟೆ ಸುತ್ತಿದೆ.

ಆ ‘ಇತ್ತಲ್ಲ’ವನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ. ಬೆಂಗಳೂರಿನ ಕನ್ನಡದಲ್ಲಿ ಹೋದ ಕಾಲವನ್ನು ಹೇಳುವ ಅತ್ಯಂತ ಜೀವಂತ ರೂಪ ಅದು. ‘ಇತ್ತು’ ಎಂದರೆ ಮಾಹಿತಿ, ‘ಇತ್ತಲ್ಲ’ ಎಂದರೆ ನಿನಗೂ ಗೊತ್ತು, ನಾವಿಬ್ಬರೂ ನೋಡಿದ್ದೇವೆ ಎಂಬ ಒಪ್ಪಂದ. ಒಪ್ಪಂದದ ಒಳಗಿದ್ದವರಿಗೆ ಊರು ಎರಡು ಪದರದಲ್ಲಿ ಕಾಣುತ್ತದೆ: ಈಗಿನ ಕಾಂಪ್ಲೆಕ್ಸು, ಅದರ ಮೇಲೆ ಹಿಂದಿನ ಟಾಕೀಸು. ಹೊರಗಿದ್ದವರಿಗೆ ಬರೀ ಕಾಂಪ್ಲೆಕ್ಸು. ‘ಅರ್ಸ್ಟ್‌ವೈಲ್’ ಒಬ್ಬರನ್ನೂ ಒಳಗೆ ಕರೆಯುವುದಿಲ್ಲ. ‘ಇತ್ತಲ್ಲ’ ಕೆಲವರನ್ನು ಮಾತ್ರ ಕರೆಯುತ್ತದೆ. ಬರೆಯುವವನಿಗೆ ಎರಡೂ ಸಾಲದು. ಮೆಜೆಸ್ಟಿಕ್ಕಿನಲ್ಲಿ ದಿನಾ ಬೆಳಿಗ್ಗೆ ಇಳಿಯುವವರಲ್ಲಿ ಏನನ್ನೂ ನೋಡಿರದವರು ಎಷ್ಟೋ ಜನ. ಬರಹದಲ್ಲಿ ಅವರಿಗೂ ಜಾಗ ಬೇಕು.

ಹಾಗಾದರೆ ಏನು ಮಾಡುವುದು? ಉತ್ತರ ಆ ರೈತನ ‘ಅಪ್ಪ ಹೋದ ಮೇಲೆ’ಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಇಂಗ್ಲಿಷು ನಾಮಪದದ ಹಣೆಗೆ ಒಂದು ಮುದ್ರೆ ಒತ್ತುವ ಕಡೆ ಕನ್ನಡ ಕ್ರಿಯಾಪದವನ್ನೇ ಬಗ್ಗಿಸಿ ವಿಶೇಷಣ ಮಾಡಿಕೊಳ್ಳುತ್ತದೆ. ವ್ಯಾಕರಣದಲ್ಲಿ ಕೃದಂತ ಎಂದು ಓದಿರುತ್ತೀರಿ: ಇದ್ದ, ಹೋದ, ಕಳೆದ, ಬಿದ್ದ, ಕೆಡವಿದ. ‘ಕೆರೆ ಇದ್ದ ಜಾಗ’, ‘ಮೇಷ್ಟ್ರಾಗಿದ್ದವರು’, ‘ಮೈಸೂರು ಬ್ಯಾಂಕ್ ಆಗಿದ್ದ ಕಟ್ಟಡ’. ಇದರಲ್ಲಿ ಒಂದು ಅನುಕೂಲವೂ ಇದೆ, ಒಂದು ಹೊಣೆಯೂ ಇದೆ. ಕ್ರಿಯಾಪದ ಬಂದ ಕೂಡಲೇ ಏನಾಯಿತು ಎಂದು ನೀವು ತೀರ್ಮಾನಿಸಬೇಕು. ಒಣಗಿದ ಕೆರೆ ಎಂದರೆ ತಾನಾಗಿ ಒಣಗಿತು. ಮುಚ್ಚಿಹೋದ ಕೆರೆ ಎಂದರೆ ಹೇಗೋ ಮುಚ್ಚಿತು, ಯಾರನ್ನೂ ಕೇಳಬೇಡಿ. ಮುಚ್ಚಿದ ಕೆರೆ ಎಂದರೆ ಯಾರೋ ಮುಚ್ಚಿದ್ದಾರೆ. ಮೂರು ಪದ, ಮೂರು ಚರಿತ್ರೆ. ‘ಅರ್ಸ್ಟ್‌ವೈಲ್’ ಈ ಮೂರರ ನಡುವೆ ಆಯ್ಕೆ ಮಾಡದೆ ಜಾರಿಕೊಳ್ಳುವ ದಾರಿ.

ಧರ್ಮಾಂಬುಧಿಯ ವಿಷಯದಲ್ಲಿ ಆಯ್ಕೆ ಸುಲಭವಲ್ಲ. ಕೆಂಪೇಗೌಡರ ಕಾಲದ್ದೆಂದು ಹೇಳುವ ಈ ಕೆರೆ ಪೇಟೆಗೆ ನೀರು ಕೊಡುತ್ತಿತ್ತು. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ಅರ್ಕಾವತಿಯ ನೀರು ಬಂತು. ನಲ್ಲಿ ಬಂದ ಮನೆಯವರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ನೀರು ಬರುವ ದಾರಿಯನ್ನು ಯಾರು ಕಾಯುತ್ತಾರೆ? ಕೆರೆ ಬತ್ತಿತು, ಅಂಗಳ ಮೈದಾನವಾಯಿತು, ಸುಭಾಷ್‌ನಗರ ಎಂದು ಹೆಸರು ಬಂತು, ಆಮೇಲೆ ಬಸ್ಸುಗಳು ಬಂದವು. ಸಂಪಂಗಿ ಕೆರೆಯ ಜಾಗಕ್ಕೆ ಕಂಠೀರವ ಕ್ರೀಡಾಂಗಣ ಬಂದಂತೆ. ಒಣಗಿದ್ದೂ ಹೌದು, ಮರೆತದ್ದೂ ಹೌದು, ಮುಚ್ಚಿದ್ದೂ ಹೌದು, ಅದೇ ಅನುಕ್ರಮದಲ್ಲಿ. ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ, ಅಂದರೆ ಕೆರೆ ಏರಿ. ನೀರಿಲ್ಲ, ಏರಿ ಇದೆ.

ಪುಸ್ತಿಕೆಯ 11 ಜಾಗಗಳನ್ನೂ ಮತ್ತೆ ತಿದ್ದಿದೆ. ಎರಡು ಕಡೆ ‘ಹಿಂದಿನ’ ಉಳಿಸಿದೆ, ಅಲ್ಲಿ ಅದು ಸರಿಯಾಗಿತ್ತು. ಒಂದು ಕಡೆ ‘ಹಳೇ’, ಒಂದು ಕಡೆ ‘ಮಾಜಿ’. ಮೂರು ಕಡೆ ಏನೂ ಹಾಕಲಿಲ್ಲ. ‘ಮೈಸೂರು ಸಂಸ್ಥಾನ’ ಎಂದರೇ ಅದು ಈಗಿಲ್ಲ ಎಂದು ಎಲ್ಲರಿಗೂ ಗೊತ್ತು. ಉಳಿದ ನಾಲ್ಕು ಕಡೆ ಏನಾಯಿತೆಂದು ಬರೆದೆ. ಕೆರೆಯ ಸಾಲು ಹೀಗಾಯಿತು: “ನೀವು ಈಗ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ನಲ್ಲಿ ನೀರು ಬಂದ ಮೇಲೆ ಊರು ಈ ಕೆರೆಯನ್ನು ಕೈಬಿಟ್ಟಿತು. ಬತ್ತಿದ ಮೇಲೆ ಮೈದಾನ ಮಾಡಿ, ಕೊನೆಗೆ ಬಸ್ ನಿಲ್ದಾಣ ಕಟ್ಟಿತು.”

ಪುಟ ವಿನ್ಯಾಸ ಮಾಡುವವರು ಎರಡು ಸಾಲು ಜಾಸ್ತಿಯಾಯಿತು, ಏನಾದರೂ ತೆಗೆಯಿರಿ ಎಂದರು. ಕೊನೆಯ ಪುಟದಲ್ಲಿ ‘ಗತವೈಭವ’ ಎಂದು ಶುರುವಾಗುವ ಒಂದು ವಾಕ್ಯವಿತ್ತು, ಅದನ್ನು ತೆಗೆದೆ. ಯಾದಗಿರಿಯ ಹುಡುಗ ಕರಡನ್ನು ಮತ್ತೊಮ್ಮೆ ಓದಿ ಫೋನು ಮಾಡಿದ. “ಈಗ ತಿಳೀತ್ರಿ ಸರ್. ಆದ್ರ ಒಂದ್ ಮಾತು. ಮಳಿ ಬಂದಾಗ ಅಲ್ಲಿ ಮೊಣಕಾಲ ಮಟ ನೀರು ನಿಂದರ್ತಾವಲ್ರಿ, ಆಗ ಅದು ಯಾವ ಕೆರಿ?”

ಅದಕ್ಕೆ ಯಾವ ವಿಶೇಷಣ ಹಾಕಬೇಕೋ ನನಗೆ ಇನ್ನೂ ಹೊಳೆದಿಲ್ಲ.